ಗ್ಯಾರಂಟಿ ಇಲ್ಲದ ಪೆಟ್ಟಿಗೆ

ಬಿದಿರಿನ ಚಟ್ಟದ ವಂಶದಲ್ಲಿ ಹುಟ್ಟಿದವನಿಗೆ ಶವಪೆಟ್ಟಿಗೆಯ ಬಗ್ಗೆ ಬಾಯಿ ಹಾಕುವ ಅಧಿಕಾರವಿಲ್ಲ ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಎರಡು ಉದ್ದನೆಯ ಬಿದಿರು, ಅಡ್ಡಕ್ಕೊಂದಿಷ್ಟು ತುಂಡು, ಹಗ್ಗ. ಅಷ್ಟರಲ್ಲಿ ಮುಗಿಯುವ ಕೆಲಸದಲ್ಲಿ ಆಯ್ಕೆಯ ಮಾತೆಲ್ಲಿ ಬಂತು? ಆದರೆ ನಮ್ಮಲ್ಲಿಲ್ಲದ್ದರ ಮೇಲೇ ಅಲ್ಲವೆ ಕುತೂಹಲ ಹೆಚ್ಚು.

ಅಮೆರಿಕದವರಿಗೆ ಆಯ್ಕೆಯೇ ಆಯ್ಕೆ. ಪೈನ್, ಪಾಪ್ಲರ್‌ಗಳಿಂದ ಶುರುವಾಗಿ ಓಕ್, ಚೆರಿ, ವಾಲ್‌ನಟ್, ಮಹಾಗನಿಯವರೆಗೆ ಮರದಲ್ಲೇ ಜಾತಿಭೇದವಿದೆ. ಮರ ಬೇಡವೆಂದರೆ ಉಕ್ಕು: 20 ಗೇಜ್, 18 ಗೇಜ್, 16 ಗೇಜ್. ಅಂಕಿ ಇಳಿದಷ್ಟೂ ತಗಡು ದಪ್ಪ, ಬಿಲ್ಲೂ ದಪ್ಪ. ತಾಮ್ರ, ಕಂಚುಗಳಿಗೆ ಗೇಜಿನ ಮರ್ಯಾದೆ ಸಾಲದು, ಚದರಡಿಗೆ ಇಷ್ಟು ಔನ್ಸ್ ಎಂದು ತೂಕದಲ್ಲೇ ಹೇಳಬೇಕು. ಮೇಲ್ದರ್ಜೆಯ ಪೆಟ್ಟಿಗೆಗಳ ಮುಚ್ಚಳಕ್ಕೆ ಪ್ರೆಶರ್ ಕುಕ್ಕರಿನ ಹಾಗೆ ರಬ್ಬರ್ ಗ್ಯಾಸ್ಕೆಟ್ ಬೇರೆ! ನೀರು, ಗಾಳಿ ಒಳಗೆ ಹೋಗಬಾರದಂತೆ. ಕುಕ್ಕರಿನದು ಕೆಟ್ಟರೆ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಬಹುದು. ಇಲ್ಲಿ ಹೋಗುವವರು ಯಾರು? 1984ರಲ್ಲಿ ಜಾರಿಗೆ ಬಂದ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ, ಪೆಟ್ಟಿಗೆ ದೇಹವನ್ನು ಬಹುಕಾಲ ಕೆಡದಂತೆ ಕಾಪಾಡುತ್ತದೆ ಎಂದು ನಂಬಿಸಿ ಮಾರಬಾರದು ಎಂದಿತು.

ಕಂಚಿನ ಹಣೆಬರಹವೂ ಗ್ಯಾರಂಟಿಯದ್ದಲ್ಲ. 1963ರಲ್ಲಿ ಕೆನಡಿಯವರ ದೇಹ ಡಲ್ಲಾಸಿನಿಂದ ಬಂದದ್ದು ಕಂಚಿನ ಪೆಟ್ಟಿಗೆಯಲ್ಲಿ, ಮಣ್ಣಾದದ್ದು ಮಹಾಗನಿಯಲ್ಲಿ. ಉಳಿದುಹೋದ ಕಂಚನ್ನು ಏನು ಮಾಡುವುದು? 1966ರಲ್ಲಿ ಅದಕ್ಕೆ ತೂತು ಕೊರೆದು, ಮರಳಿನ ಮೂಟೆ ತುಂಬಿ, ವಿಮಾನದಿಂದ ಅಟ್ಲಾಂಟಿಕ್ ಸಮುದ್ರಕ್ಕೆ ಬೀಳಿಸಿದರು. ಪೆಟ್ಟಿಗೆಗೇ ಶವಸಂಸ್ಕಾರವಾಯಿತು.

ವಿಯೆನ್ನಾದ ಚಕ್ರವರ್ತಿ ಎರಡನೆಯ ಜೋಸೆಫನಿಗೆ ಮರ ಪೋಲಾಗುವುದೇ ಹೊಟ್ಟೆಯುರಿ. 1784ರಲ್ಲಿ ಮತ್ತೆ ಮತ್ತೆ ಬಳಸುವ ಪೆಟ್ಟಿಗೆಯನ್ನು ಜಾರಿಗೆ ತಂದ. ತಳದಲ್ಲಿ ಬಾಗಿಲು, ಗುಂಡಿಯ ಮೇಲೆ ಹಿಡಿದು ತೆರೆದರೆ ದೇಹ ಕೆಳಗೆ, ಪೆಟ್ಟಿಗೆ ವಾಪಸು. ಪ್ರಜೆಗಳು ರೊಚ್ಚಿಗೆದ್ದರು, ಮರುವರ್ಷವೇ ಆಜ್ಞೆ ಹಿಂದಕ್ಕೆ ಹೋಯಿತು. ಪಾಪ, ಅವನಿಗೆ ಪ್ರಜೆಗಳು ಸರಿಯಿರಲಿಲ್ಲ. ನಮ್ಮೂರಿನ ಮಸೀದಿಯಲ್ಲಿ ಬಡವ ಬಲ್ಲಿದರೆಲ್ಲರಿಗೂ ಒಂದೇ ಸಂದೂಕ, ಕಬರಸ್ತಾನದವರೆಗೆ ಹೊತ್ತು ಹೋಗಿ ವಾಪಸು ತಂದಿಡುತ್ತಾರೆ, ಯಾರೂ ಗೊಣಗಿದ್ದಿಲ್ಲ. ಜೋಸೆಫ್ ಮಾತ್ರ ತನ್ನ ಸ್ವಭಾವಕ್ಕೆ ತಕ್ಕಂತೆ, ಅಪ್ಪ ಅಮ್ಮನ ಭಾರೀ ಶಿಲ್ಪಸಮಾಧಿಯ ಎದುರೇ ಸಾದಾ ತಾಮ್ರದ ಪೆಟ್ಟಿಗೆಯಲ್ಲಿ ಮಲಗಿದ್ದಾನೆ.

ನನ್ನ ಮನಸ್ಸು ಹೋಗಿ ನಿಲ್ಲುವುದು ಘಾನಾದಲ್ಲಿ. ರಾಜಧಾನಿ ಅಕ್ರಾದ ಪಕ್ಕ ಕಡಲ ದಂಡೆಯಲ್ಲಿ ಟೆಶಿ ಎಂಬ ಊರು. ಅಲ್ಲಿನ ಗಾ ಸಮುದಾಯದ ಬಡಗಿಗಳು ಬೆಸ್ತನಿಗೆ ಮೀನು, ಈರುಳ್ಳಿ ಮಾರಿದವಳಿಗೆ ಈರುಳ್ಳಿ, ಕೋಕೋ ಬೆಳೆದವನಿಗೆ ಕೋಕೋಕಾಯಿ, ಆಸೆಪಟ್ಟವನಿಗೆ ಬೆಂಜ್ ಕಾರು ಮಾಡಿಕೊಡುತ್ತಾರೆ. ದೈವಭಕ್ತರಿಗೆ ಬೈಬಲ್. ಸಿಂಹ ಮಾತ್ರ ಕೇಳಿದವರಿಗೆಲ್ಲ ಸಿಗುವುದಿಲ್ಲ, ಅದು ಮುಖಂಡರ ಮನೆತನಕ್ಕೆ. ಈ ಕಸುಬಿಗೆ ಹೆಸರು ತಂದವನು ಸೇತ್ ಕಾನೆ ಕ್ವೇ. ಅಕ್ರಾದ ವಿಮಾನಗಳನ್ನು ನೋಡುತ್ತ ಕೂತು, ಒಂದು ಸಲವೂ ಹತ್ತದೆ ತೀರಿಕೊಂಡ ಅಜ್ಜಿಗೆ 1951ರಲ್ಲಿ ಅವನು ವಿಮಾನದಂಥ ಪೆಟ್ಟಿಗೆ ಮಾಡಿದನೆಂದು ಕತೆ. ನಮ್ಮ ಲಿಂಗಾಯತ ಮನೆಗಳಲ್ಲೂ ಹಿರಿಯರನ್ನು ಹೂವಿನ ವಿಮಾನದಲ್ಲಿ ಕೂರಿಸಿ ಕಳಿಸುತ್ತಾರೆ. ಅದು ಸಮಾಧಿಯ ಅಂಚಿಗೆ ನಿಲ್ಲುತ್ತದೆ. ಆ ಅಜ್ಜಿಯದು ಮಣ್ಣಿನೊಳಗೂ ಹೋಯಿತು.

ಟೆಶಿಯವರು ಬಳಸುವುದು ವಾವಾ ಎಂಬ ಹಗುರ ಮರ. ಕೆತ್ತಲು ಸುಲಭ, ಕೊಳೆಯಲೂ ಸುಲಭ. 1989ರಲ್ಲಿ ಪ್ಯಾರಿಸಿನ ಪಾಂಪಿಡೂ ಕೇಂದ್ರದ ಪ್ರದರ್ಶನದಲ್ಲಿ ಈ ಪೆಟ್ಟಿಗೆಗಳು ಕಾಣಿಸಿಕೊಂಡ ಮೇಲೆ ಹೊರದೇಶದ ಸಂಗ್ರಾಹಕರು ಮುಗಿಬಿದ್ದರು. ಅವರಿಗೆ ಬಾಳಿಕೆ ಬರುವ ಗಟ್ಟಿ ಮರವೇ ಬೇಕು. ಹೂಳುವುದಕ್ಕೆ ಮೆದು ಮರ, ಗಾಜಿನ ಹಿಂದೆ ಇಡುವುದಕ್ಕೆ ಮಹಾಗನಿ! ಟೆಶಿಯ ಬಡಗಿಗೆ ಮರದ ಮರ್ಮ ಗ್ಯಾಸ್ಕೆಟ್ಟಿನವರಿಗಿಂತ ಚೆನ್ನಾಗಿ ಗೊತ್ತು ಎಂದೇ ನನ್ನ ತೀರ್ಮಾನ.

ಪ್ರಬಂಧ ಬರೆಯುವವನಿಗೆ ಯಾವ ಆಕಾರ ಒಪ್ಪುತ್ತದೆ ಎಂದು ಹೆಂಡತಿಯನ್ನು ಕೇಳಿದೆ. “ನಿಮಗ್ಯಾಕ್ರೀ ಹೊಸದು? ಆ ಆರಾಮಕುರ್ಚಿಗೇ ಒಂದು ಮುಚ್ಚಳ ಹೊಡೆಸಿದರಾಯಿತು” ಅಂದಳು.

ಅಮೆರಿಕದ ಅದೇ ನಿಯಮದಲ್ಲಿ ನನಗೆ ಹಿಡಿಸಿದ ಇನ್ನೊಂದು ಮಾತಿದೆ: ಪೆಟ್ಟಿಗೆ ತೋರಿಸುವ ಮೊದಲು ಬೆಲೆಪಟ್ಟಿ ತೋರಿಸಬೇಕು. ಸಾವಿನ ಮನೆಯವರು ಚೌಕಾಸಿಗೆ ನಿಲ್ಲುವುದಿಲ್ಲ ಎಂಬುದು ವ್ಯಾಪಾರಿಗೆ ಗೊತ್ತು. ಆದ್ದರಿಂದ ಪೆಟ್ಟಿಗೆಯ ರೂಢಿಯಿರುವ ಮನೆಯವರು ಯಾವ ಮರ, ಎಷ್ಟು ದುಡ್ಡು ಎಂಬುದನ್ನು ಈಗಲೇ ಒಂದು ಚೀಟಿಯಲ್ಲಿ ಬರೆದಿಡಿ. ಗ್ಯಾಸ್ಕೆಟ್ ಬೇಡ ಎಂಬುದನ್ನೂ ಮರೆಯದೆ ಸೇರಿಸಿ.