ಗೆದ್ದವರು ಯಾರು?

ನಾಡನ್ನು ಗೆದ್ದವನೇ ಅದರ ಒಡೆಯನೆಂದು ಚರಿತ್ರೆಯ ಉಪಾಧ್ಯಾಯರು ನಮಗೆ ಬೋಧಿಸಿದುದುಂಟು. ಮಾರಿಷಸ್ ದ್ವೀಪವನ್ನು ಕಂಡು ಬಂದ ಮೇಲೆ ಆ ಸಿದ್ಧಾಂತದಲ್ಲಿ ನನಗಿದ್ದ ಶ್ರದ್ಧೆ ಬಹುಮಟ್ಟಿಗೆ ಸಡಿಲವಾಗಿದೆ. 1598ರಲ್ಲಿ ಬಂದಿಳಿದ ಡಚ್ಚರು ತಮ್ಮ ರಾಜಕುಮಾರನ ಹೆಸರನ್ನು ಅದಕ್ಕಿಟ್ಟು, ಜಾವಾದಿಂದ ಕಬ್ಬನ್ನೂ ಜಿಂಕೆಯನ್ನೂ ತಂದು ನೆಲೆಗೊಳಿಸಿ, ಇಲಿಗಳ ಉಪದ್ರವವನ್ನೂ ಚಂಡಮಾರುತಗಳ ಕೋಪವನ್ನೂ ತಾಳಲಾರದೆ 1710ರಲ್ಲಿ ಗಂಟುಮೂಟೆ ಕಟ್ಟಿದರು. ಆಮೇಲೆ ಬಂದ ಫ್ರೆಂಚರನ್ನು 1810ರಲ್ಲಿ ಇಂಗ್ಲಿಷರು ಸೋಲಿಸಿದರು. ಸೋಲಿಸಿದವರು, ಸೋತವರ ಧರ್ಮ, ಕಾನೂನು, ಆಚಾರಗಳಿಗೆ ಕೈಹಚ್ಚುವುದಿಲ್ಲವೆಂದು ಔದಾರ್ಯದಿಂದ ಮಾತುಕೊಟ್ಟರು. ಈ ಔದಾರ್ಯದ ಪರಿಣಾಮವೇನೆಂದರೆ, 1968ರವರೆಗೆ ಇಂಗ್ಲಿಷರು ಆಳಿದರೂ ಇಂದಿಗೂ ಅಲ್ಲಿ ಪತ್ರಿಕೆಗಳ ಮಾತು ಬಹುಪಾಲು ಫ್ರೆಂಚು. ಇಂಗ್ಲಿಷರೇ 1812ರಲ್ಲಿ ಕುದುರೆಪಂದ್ಯಕ್ಕೆ ಅಣಿಗೊಳಿಸಿದ ಮೈದಾನದ ಹೆಸರು ಕೂಡ ‘ಶಾಂ ದ ಮಾರ್ಸ್’! ವಾಹನಗಳು ರಸ್ತೆಯ ಎಡಗಡೆಯಲ್ಲಿ ಓಡುವುದಷ್ಟೇ ಇಂಗ್ಲಿಷರಿಗೆ ದಕ್ಕಿದ ನಿಸ್ಸಂದಿಗ್ಧ ವಿಜಯವೆಂದು ನನಗೆ ತೋರಿತು.

ಮನೆಮಾತಾದರೋ ಕ್ರಿಯೋಲ್; ಆಫ್ರಿಕದಿಂದಲೂ ಮಡಗಾಸ್ಕರಿನಿಂದಲೂ ಗುಲಾಮರಾಗಿ ಬಂದವರು ಯಜಮಾನರ ಫ್ರೆಂಚನ್ನು ಮುರಿದು ತಮಗೆ ಬೇಕಾದಂತೆ ಕಟ್ಟಿಕೊಂಡದ್ದು. ಇಂದು ಆ ಯಜಮಾನರ ವಂಶಜರೂ ಅದನ್ನು ಆಡುತ್ತಾರೆ. 1834ರಿಂದ ಕೂಲಿಕರಾರಿನ ಮೇಲೆ ಬಂದ ಲಕ್ಷಾಂತರ ಭಾರತೀಯರು ಪೋರ್ಟ್ ಲೂಯಿಯ ಬಂದರಿನಲ್ಲಿ ಹತ್ತಿದ ಹದಿನಾರು ಕಲ್ಲುಮೆಟ್ಟಿಲುಗಳು ಈಗಲೂ ಇವೆ. ಅವನ್ನು ನೋಡುವಾಗ ವಿನೋದ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುತ್ತದೆ.

ಆದರೆ ಅನತಿದೂರದಲ್ಲೇ ಪೇಟೆಯಿದೆ. ಅಲ್ಲಿ ಬಾಯಿ ತೆರೆಯದಿರುವುದು ಅಸಾಧ್ಯ. ಬೇಯಿಸಿ ಪುಡಿಮಾಡಿದ ಹಳದಿ ಬೇಳೆಯನ್ನು ಹಿಟ್ಟಿನೊಳಗಿಟ್ಟು ತೆಳ್ಳಗೆ ಲಟ್ಟಿಸಿ ಸುಟ್ಟ ಧೋಲ್‌ಪುರಿಯನ್ನು ಮಾರುವಾತ, ಜೋಡಿಯಾಗಿ ಎರಡನ್ನೆತ್ತಿ, ಅವುಗಳ ಮೇಲೆ ಹುರುಳಿಕಾಯಿ ಜಾತಿಯ ಕಾಳಿನ ಸಾರನ್ನೂ ಟೊಮೇಟೊ ಗೊಜ್ಜನ್ನೂ ಮೆಣಸಿನಕಾಯಿಯ ಚಟ್ನಿಯನ್ನೂ ಸವರಿ, ಕಾಗದದಲ್ಲಿ ಸುರುಳಿ ಸುತ್ತಿ, ಕ್ರಿಯೋಲಿನಲ್ಲಿ ಬೆಲೆ ಹೇಳಿ, ರೂಪಾಯಿಯನ್ನು ಎಣಿಸಿಕೊಂಡ. ತಿಂದು ನೋಡಿದರೆ, ಅದು ಬೆಲ್ಲ ಹಾಕಲು ಮರೆತ ನಮ್ಮ ಬೇಳೆ ಹೋಳಿಗೆ! ಸುತ್ತಮುತ್ತ ಕಣ್ಣು ಹಾಯುವವರೆಗೂ ಕಬ್ಬು ಬೆಳೆಯುವ ನಾಡಿನಲ್ಲಿ ಹೋಳಿಗೆಗೆ ಸಿಹಿಯಿಲ್ಲದಿರುವುದು ಸಕ್ಕರೆಯ ಧಣಿಗಳ ಮೇಲೆ ಕೂಲಿಗಾರರು ತೀರಿಸಿಕೊಂಡ ಸೇಡಿರಬಹುದೆಂದು ಊಹಿಸಿ, ಆ ಊಹೆಯನ್ನು ದೃಢಪಡಿಸಿಕೊಳ್ಳುವ ಸಲುವಾಗಿ ಮತ್ತೊಂದು ಜೋಡಿಯನ್ನು ಬೇಡಿದೆನು.

ಹಾಗಾದರೆ ಈ ನೆಲದ ಮೂಲನಿವಾಸಿ ಯಾರು? ಡಚ್ಚರು ಬರುವ ಮೊದಲು ಅಲ್ಲಿ ಮನುಷ್ಯರ ವಸತಿಯೇ ಇರಲಿಲ್ಲ. ಹಾರಲರಿಯದ ಡೋಡೋ ಎಂಬ ಸಾಧುಪಕ್ಷಿಯೊಂದಿತ್ತು, ಹಡಗಿನೊಡನೆ ಬಂದ ಮನುಷ್ಯ, ಹಂದಿ, ಇಲಿಗಳ ದೆಸೆಯಿಂದ ಹದಿನೇಳನೆಯ ಶತಮಾನದಲ್ಲೇ ಅದು ನಿರ್ನಾಮವಾಯಿತು. ಈಗ ದೇಶದ ಲಾಂಛನದಲ್ಲಿ ಗುರಾಣಿಯ ಒಂದು ಪಕ್ಕಕ್ಕೆ ಆ ಡೋಡೋ, ಇನ್ನೊಂದು ಪಕ್ಕಕ್ಕೆ ವಲಸೆ ಬಂದ ಜಿಂಕೆ, ಎರಡಕ್ಕೂ ಒತ್ತಾಸೆಯಾಗಿ ವಲಸೆ ಬಂದ ಕಬ್ಬಿನ ಜಲ್ಲೆ. ಅಲ್ಲಿ ಗೌರವ ಪಡೆಯಬೇಕಾದರೆ ಒಂದೋ ಬಂದು ನೆಲೆಸಬೇಕು, ಇಲ್ಲವೇ ಪೂರ್ತಿಯಾಗಿ ಅಳಿದುಹೋಗಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಿಂದಿರುಗುವ ಟಿಕೇಟನ್ನು ಜೇಬಿನಲ್ಲಿಟ್ಟುಕೊಂಡು, ಹೊಟ್ಟೆತುಂಬ ಉಂಡು ತಿರುಗುತ್ತಿದ್ದ ನನಗೆ ಈ ಎರಡು ಅರ್ಹತೆಗಳಲ್ಲಿ ಒಂದೂ ಇರಲಿಲ್ಲ.