ಡಿಸ್ಕೌಂಟ್ ರೇಟ್ ಸಾಹೇಬರ ಸನ್ನಿಧಾನಕ್ಕೆ

ಮಾನ್ಯರೇ,

ಉತ್ತರ ಕನ್ನಡದ ಅಡಿಕೆ ಬೆಳೆಗಾರನೊಬ್ಬನ ಸಾಷ್ಟಾಂಗ ನಮಸ್ಕಾರ. ಕಾಡು ಹೋಯಿತು, ಕಡಲು ಉಕ್ಕಿತು ಎಂದು ಪುಟಗಟ್ಟಲೆ ಮರುಗುವ ಪಂಡಿತರೂ ಲೆಕ್ಕದ ಪುಟಕ್ಕೆ ಬಂದ ಕೂಡಲೇ ನಿಮ್ಮ ಅಪ್ಪಣೆ ಬೇಡುವುದನ್ನು ಕಂಡಿದ್ದೇನೆ. ಇನ್ನೂ ಹುಟ್ಟದವರ ನಷ್ಟಕ್ಕೆ ಇವತ್ತು ಎಷ್ಟು ಬೆಲೆ ಕಟ್ಟಬೇಕು ಎಂದು ಹೇಳುವ ಅಧಿಕಾರ ತಮ್ಮದು. ತಾವೋ, ಬರೀ ಒಂದು ಶೇಕಡಾವಾರು.

ಮಹಿಮೆ ಪರೀಕ್ಷಿಸೋಣ ಎಂದು ಕ್ಯಾಲ್ಕುಲೇಟರ್ ಹಿಡಿದು ಕೂತೆ. ನೂರು ವರ್ಷದ ನಂತರ ನನ್ನ ಮರಿಮಗನಿಗೆ ಒಂದು ಕೋಟಿ ರೂಪಾಯಿ ನಷ್ಟವಾಗುತ್ತದೆ ಅಂದುಕೊಳ್ಳಿ. ತಾವು ಶೇ 1.4 ಆಗಿ ಅವತರಿಸಿದರೆ ಅದರ ಇಂದಿನ ಬೆಲೆ ಸುಮಾರು 25 ಲಕ್ಷ. ಶೇ 5 ಆದರೆ 76 ಸಾವಿರ. ಶೇ 12 ಆದಿರೋ, 120 ರೂಪಾಯಿ! ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಒಂದು ಕಾಫಿ. ಮರಿಮಗನ ಕೋಟಿಯನ್ನು ನಿಂತಲ್ಲೇ ತಿಂದು ಕೈ ತೊಳೆಯಬಹುದು.

2006ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ತಮ್ಮನ್ನು ಸುಮಾರು 1.4ಕ್ಕೆ ಇಳಿಸಿ, ಹವಾಮಾನ ಬದಲಾವಣೆಗೆ ಈಗಲೇ ಕಡಿವಾಣ ಹಾಕಿ ಎಂದರು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡ್‌ಹೌಸ್ ತಮ್ಮನ್ನು ಅದಕ್ಕಿಂತ ಬಹಳ ಮೇಲಿನ ಪೀಠದಲ್ಲಿ ಕೂರಿಸಿ, ಅಷ್ಟೊಂದು ಅವಸರ ಬೇಡ ಎಂದರು. ಅವರಿಗೆ 2018ರಲ್ಲಿ ನೊಬೆಲ್ ಬಂತು. ಫ್ರಾಂಕ್ ರಾಮ್ಸೆ ಎಂಬ ಹುಡುಗ (ಆಗಿನ್ನೂ 25) 1928ರಲ್ಲೇ, ದೂರದ ಕಾಲದ ಸುಖದುಃಖವನ್ನು ಹೀಗೆ ಕಡಿತ ಮಾಡುವುದಕ್ಕೆ ನೈತಿಕ ಸಮರ್ಥನೆಯೇ ಇಲ್ಲ, ಅದು ಕಲ್ಪನೆಯ ಬಡತನ ಎಂಬರ್ಥದಲ್ಲಿ ಬರೆದಿದ್ದ. ಹುಡುಗರ ಮಾತು ಬಿಡಿ.

ತಮ್ಮ ಮಹಾತ್ಮೆಯನ್ನು ಸರಿಯಾಗಿ ಬಯಲಿಗೆಳೆದವರು ಕೆನಡಾದ ಗಣಿತಜ್ಞ ಕಾಲಿನ್ ಕ್ಲಾರ್ಕ್. ತಿಮಿಂಗಿಲಗಳ ಸಂತತಿ ವರ್ಷಕ್ಕೆ ಹೆಚ್ಚುವುದು ಶೇಕಡ ಕೆಲವೇ ಅಂಶ. ಹಣ ಅದಕ್ಕಿಂತ ಬೇಗ ಬೆಳೆಯುವುದಾದರೆ, ಇದ್ದಬದ್ದ ತಿಮಿಂಗಿಲಗಳನ್ನೆಲ್ಲ ಕೊಂದು ದುಡ್ಡನ್ನು ಬ್ಯಾಂಕಿಗೆ ಹಾಕುವುದೇ ಜಾಣತನವಾಗಿಬಿಡಬಹುದು ಎಂದು 1973ರಲ್ಲಿ ಅವರು ಸಮೀಕರಣ ಬರೆದು ತೋರಿಸಿದರು. ಎಚ್ಚರಿಸಲು ಬರೆದದ್ದು ಸ್ವಾಮಿ, ಸಲಹೆಯಾಗಿ ಅಲ್ಲ. ಆದರೆ ಲೆಕ್ಕದಲ್ಲಿ ತಪ್ಪಿಲ್ಲ.

ನಮ್ಮೂರಿಗೂ ತಮ್ಮ ಪಾದಧೂಳಿ ಬಿದ್ದಿದೆ. ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುವಾಗ ಕಟ್ಟಿಸಿಕೊಳ್ಳುವ ‘ನಿವ್ವಳ ಪ್ರಸ್ತುತ ಮೌಲ್ಯ’ವನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಎಂದು ನಿಗದಿ ಮಾಡಿತು. ಆಮೇಲೆ ದರ ಏರಿದೆ, ನಿಜ. ಆದರೂ ಎರಡೂವರೆ ಎಕರೆ ನಿತ್ಯಹರಿದ್ವರ್ಣ ಕಾಡು, ಅದರ ಝರಿ, ಜಿಗಣೆ, ಸಿಂಗಳೀಕ ಎಲ್ಲ ಸೇರಿ ಬೆಂಗಳೂರಿನ ಒಂದು 30x40 ಸೈಟಿಗೆ ಸಮ ಬರಲಿಲ್ಲ. ಮೊದಲು ಈ ಮೌಲ್ಯವನ್ನೂ ಕಟ್ಟದೆ ಒಯ್ಯುತ್ತಿದ್ದರಲ್ಲ, ಅದಕ್ಕಿಂತ ವಾಸಿ ಅನ್ನುವವರಿದ್ದಾರೆ. ನಾನೂ ಒಪ್ಪುತ್ತೇನೆ, ಹಲ್ಲು ಕಚ್ಚಿಕೊಂಡು.

ನಮ್ಮ ಕಡೆ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಉಂಟು. ತೋಟದ ಮಣ್ಣಿಗೆ ಹಾಕುವ ಸೊಪ್ಪು, ದರಕು (ಒಣಗಿದ ಎಲೆ) ಬರುವುದು ಅಲ್ಲಿಂದ. ಬಲ್ಲವರು ಮರ ಹತ್ತಿ ಅಡ್ಡಕೊಂಬೆಗಳನ್ನಷ್ಟೇ ಸವರಿ ನೆತ್ತಿಯನ್ನು ಬಿಡುತ್ತಾರೆ. ಮುಂದಿನ ವರ್ಷ ಮತ್ತೆ ಚಿಗುರಬೇಕಲ್ಲ. ಎಲ್ಲರೂ ಹಾಗೆ ಎಂದು ಸುಳ್ಳು ಹೇಳಲಾರೆ. ಬೋಳಾಗಿ ಕಲ್ಲೆದ್ದ ಬೆಟ್ಟಗಳು ಬೇಕಾದಷ್ಟಿವೆ. ತಮ್ಮ ಶಾಸ್ತ್ರದ ಪ್ರಕಾರ ಅವನ್ನು ಬೋಳಿಸಿದವರೇ ವಿವೇಕಿಗಳು; ನೆತ್ತಿ ಬಿಟ್ಟ ನಮ್ಮ ಅಜ್ಜ ದಡ್ಡ. ಅವರಿಗೆ ಬ್ಯಾಂಕಿನಲ್ಲಿ ಖಾತೆಯೂ ಇರಲಿಲ್ಲ ಬಿಡಿ.

ಒಂದು ವಿನಂತಿ. ಘಟ್ಟದಲ್ಲಿ ದೊಡ್ಡ ಯೋಜನೆ ಬಂದರೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಇಡುತ್ತಾರೆ. ಜಿಲ್ಲಾಧಿಕಾರಿ ಬರುತ್ತಾರೆ, ಕಂಪನಿಯವರು ಬರುತ್ತಾರೆ, ಪೊಲೀಸರಂತೂ ಬಂದೇ ಬರುತ್ತಾರೆ. ತೀರ್ಪು ಕೊಡುವ ತಾವೊಬ್ಬರು ಬರುವುದಿಲ್ಲ. ಮುಂದಿನ ಸಭೆಗೆ ದಯಮಾಡಿಸಿ. ಶೇಕಡ ಎಷ್ಟಾಗಿ ಬರುತ್ತೀರಿ ಎಂದು ಮುಂಚಿತವಾಗಿ ತಿಳಿಸಿದರೆ, ಎಷ್ಟು ತಲೆಮಾರಿನವರಿಗೆ ಕುರ್ಚಿ ಹಾಕಿಸಬೇಕು ಎಂಬುದು ನಮಗೂ ಗೊತ್ತಾಗುತ್ತದೆ.

ಇತಿ ತಮ್ಮ ವಿಧೇಯ,
ಬೆಟ್ಟದ ಬುಡದ ಬೆಳೆಗಾರ