ಸ್ಕೂಟರ್ ಕೀಲಿಯೂ ಎಡಗಿವಿಯೂ

ನನ್ನ ಸ್ಕೂಟರಿನ ಕೀಲಿಗೆ ಎರಡು ಕೆಲಸ. ಒಂದು ಸ್ಕೂಟರು, ಇನ್ನೊಂದು ನನ್ನ ಎಡಗಿವಿ. ಬೆಂಕಿಕಡ್ಡಿ, ಹೇರ್‌ಪಿನ್ನು, ಮುಗಿದ ರೀಫಿಲ್ಲು ಎಲ್ಲವೂ ಆ ಸೇವೆಗೆ ಬಂದುಹೋಗಿವೆ. ಕೀಲಿ ಕೊಡುವ ಸುಖವೇ ಬೇರೆ. ಕಣ್ಣು ತಾನಾಗಿ ಮುಚ್ಚಿ, ಬಾಯಿ ಸೊಟ್ಟಗಾಗಿ, ಕೊನೆಗೊಂದು ಕೆಮ್ಮು. ಗಂಟಲಿನ ಕಡೆ ಹೋಗುವ ನರದ ಒಂದು ಕವಲು ಕಿವಿಯ ನಾಳಕ್ಕೂ ಬರುತ್ತದಂತೆ, ಕೆಮ್ಮು ಅದರದ್ದು.

ಈ ಸಲ ದೀಪಾವಳಿಗೆ ಅಮ್ಮ ಕಿವಿಗೆ ಬೆಚ್ಚಗೆ ಎಣ್ಣೆ ಬಿಟ್ಟಳು. ಹಂಡೆ ಬರಿದಾಗುವಷ್ಟು ಮಿಂದೆ. ಎಡಗಿವಿ ಬಾಗಿಲು ಹಾಕಿಕೊಂಡಿತು. ನಿಜ ಹೇಳಬೇಕೆಂದರೆ ಅದು ಆರು ತಿಂಗಳಿಂದಲೂ ಮಂದವೇ. “ಫ್ಯಾನು ಕಿರ್ ಅಂತಿದೆ, ಎಣ್ಣೆ ಬಿಡ್ರೀ” ಎಂದು ನನ್ನವಳು ಹೇಳಿದಾಗಲೆಲ್ಲ “ನಿನ್ನ ಕಿವಿ ತೋರಿಸ್ಕೋ” ಎಂದಿದ್ದೆ. ನಾನು ಮಲಗುವುದು ಬಲಮಗ್ಗುಲಿಗೆ.

ಡಾಕ್ಟರು ಕವೆಯಂಥ ಉಕ್ಕಿನ ಕಡ್ಡಿ ಬಡಿದು ನನ್ನ ಹಣೆಗೆ ಒತ್ತಿದರು. “ಯಾವ ಕಡೆ ಕೇಳಿಸುತ್ತೆ?” ಆಶ್ಚರ್ಯ! ಕಿವುಡಾದ ಕಡೆಗೇ ಜೋರು. “ನರ ಚೆನ್ನಾಗಿದೆ, ದಾರಿ ಕಟ್ಟಿದೆ. ಗುಗ್ಗೆ ನೀರು ಕುಡಿದು ಉಬ್ಬಿದೆ. ಕಿವಿಗೆ ಏನು ಹಾಕ್ತೀರಿ?”

“ಏನೂ ಇಲ್ಲ” ಎಂದೆ. ಜೇಬಿನಲ್ಲಿ ಕೀಲಿ ಝಣ್ ಎಂದಿತು.

“ಗುಗ್ಗೆ ಕೊಳೆಯಲ್ಲ ಸ್ವಾಮಿ, ಕಾವಲುಗಾರ. ಒಳಗಿನ ಚರ್ಮ ಇರುವೆಗಿಂತ ನಿಧಾನವಾಗಿ ತೆವಳುತ್ತ ಅದನ್ನು ತಾನೇ ಹೊರಗೆ ತರುತ್ತೆ. ಎರಡೂವರೆ ಸೆಂಟಿಮೀಟರಿನ ದಾರಿ ಅದು. ನೀವು ದಿನಾ ವಾಪಸ್ಸು ಅಟ್ಟಿದ್ದೀರಿ.” ತಮಟೆ ತೂತಾಗಿದ್ದರೆ ಎಣ್ಣೆ, ನೀರು ಎರಡೂ ಕೂಡದು ಎಂದೂ ಗದರಿದರು.

ಮೂರು ದಿನ ಡ್ರಾಪ್ಸು ಬಿಟ್ಟು ಗುಗ್ಗೆ ಮೆತ್ತಗಾದ ಮೇಲೆ ಪಿಚಕಾರಿ. ನೀರು ಮೈಯಷ್ಟೇ ಬೆಚ್ಚಗಿರಬೇಕು, ತಣ್ಣಗಾದರೆ ಕೋಣೆಯೇ ಗಿರ್ರೆನ್ನುತ್ತದೆ. ವಿಯೆನ್ನಾದ ಡಾಕ್ಟರ್ ರಾಬರ್ಟ್ ಬಾರಾನಿ ರೋಗಿಗಳ ಈ ತಲೆಸುತ್ತಿನ ಜಾಡು ಹಿಡಿದೇ ಒಳಗಿವಿಯ ಸಮತೋಲದ ಗುಟ್ಟು ಕಂಡು 1914ರ ನೊಬೆಲ್ ಪಡೆದರು. ಕಿವಿ ಕೊಟ್ಟವರಿಗೆ ತಲೆಸುತ್ತು, ನೀರು ಬಿಟ್ಟವರಿಗೆ ಬಹುಮಾನ!

ತಟ್ಟೆಗೆ ಬಿದ್ದದ್ದು ಹುಣಸೆಬೀಜದ ಬಣ್ಣದ್ದು, ಹೆಚ್ಚುಕಮ್ಮಿ ಅದೇ ಗಾತ್ರ. ದಾರಿಯುದ್ದಕ್ಕೂ ಹಾರನ್ನುಗಳು ನನ್ನನ್ನೇ ಬೈದವು.

ರಾತ್ರಿ ಬಲಮಗ್ಗುಲಾದೆ. ಮೇಲಿಂದ ಕಿರ್… ಕಿರ್…

ಸದ್ದಿಲ್ಲದೆ ಎದ್ದು, ಅಮ್ಮನ ಎಣ್ಣೆಗಿಂಡಿ ಹಿಡಿದು ಸ್ಟೂಲು ಹತ್ತಿದೆ. ಅದೂ ಕಿರ್ ಎಂದಿತು.

“ಏನ್ರೀ ಸದ್ದು?” ಕತ್ತಲಿಂದ ದನಿ ಬಂತು.

“ಸದ್ದಾ? ನಂಗೇನೂ ಕೇಳಿಸಲಿಲ್ಲವಲ್ಲ!”